ಹಿರಿಯರ ಅಪಾರ್ಟ್‌ಮೆಂಟ್: ತೋಟ ಆಮೇಲೆ ನೋಡಿ, ಮೊದಲು ಲೆಕ್ಕ ಕೇಳಿ

ಕನಕಪುರ ರಸ್ತೆಯ ಕಡೆ ಹಿರಿಯರಿಗೇ ಅಂತ ಕಟ್ಟಿದ ಅಪಾರ್ಟ್‌ಮೆಂಟಿಗೆ ನಾವು ಬಂದು ಆರು ವರ್ಷ ಆಯಿತು. ಒಟ್ಟು 112 ಮನೆ. ನನ್ನ ಜೊತೆ ಕೆಲಸ ಮಾಡಿದ ಟೀಚರುಗಳು, ನೆಂಟರು, ಯಾರು ಫೋನ್ ಮಾಡಿದರೂ ಕೇಳುವುದು ಒಂದೇ, "ಹೇಗಿದೆ ಅಲ್ಲಿ, ನಾವೂ ತಗೋಬಹುದಾ?" ಎಲ್ಲರಿಗೂ ಬೇರೆಬೇರೆ ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ಜಾಗದ ಹೆಸರು ಹಾಕುವುದಿಲ್ಲ. ನಾನು ಹೇಳುವ ತೊಂದರೆ ಇಂಥ ಬೇರೆ ಕಡೆಯೂ ಬರುವಂಥದ್ದೇ.

ಕಟ್ಟಡದ ಬಗ್ಗೆ ನನ್ನ ತಕರಾರಿಲ್ಲ. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಕಂಬಿ, ಜಾರದ ನೆಲ, ವೀಲ್‌ಚೇರ್ ಸಲೀಸಾಗಿ ಹೋಗುವ ಬಾಗಿಲು ಎಲ್ಲ ಇವೆ. ಕೇಂದ್ರ ಸರ್ಕಾರ 2019ರಲ್ಲಿ ನಿವೃತ್ತರ ಮನೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತ್ತು, ಅದರಲ್ಲೂ ಇಂಥದ್ದೇ ಹೇಳಿದ್ದಾರೆ. ರಾತ್ರಿ ನರ್ಸ್ ಇರುತ್ತಾರೆ. ಊಟ ಚೆನ್ನಾಗಿದೆ, ಗುರುವಾರದ ಮುದ್ದೆ ಬಸ್ಸಾರಿಗೆ ಪಕ್ಕದ ಬ್ಲಾಕಿನವರೂ ಬೇಗ ಬಂದು ಕೂರುತ್ತಾರೆ.

ಇನ್ನು ದುಡ್ಡಿನ ವಿಷಯಕ್ಕೆ ಬರುತ್ತೇನೆ.

ನಾವು ಬಂದಾಗ ಮೇಂಟೆನೆನ್ಸ್ ತಿಂಗಳಿಗೆ 4,200 ರೂಪಾಯಿ ಇತ್ತು. ನಾಲ್ಕು ವರ್ಷದಲ್ಲಿ 6,900 ಆಯಿತು. ಸೆಕ್ಯುರಿಟಿ, ಹೌಸ್‌ಕೀಪಿಂಗ್ ಸಂಬಳ, ಜನರೇಟರ್ ಡೀಸೆಲ್, ಲಿಫ್ಟಿನ ಎಎಂಸಿ (ವರ್ಷದ ನಿರ್ವಹಣೆ ಗುತ್ತಿಗೆ), ಯಾವುದೂ ಕಡಿಮೆ ಆಗುವುದಲ್ಲ. 2024ರ ಬೇಸಿಗೆಯಲ್ಲಿ ಎರಡು ಬೋರ್‌ವೆಲ್ ಬತ್ತಿ ಟ್ಯಾಂಕರ್ ಹೊಡೆಸಿದ ಖರ್ಚು ಬೇರೆ. ಕೆಲಸದಲ್ಲಿರುವವರ ಅಪಾರ್ಟ್‌ಮೆಂಟಿನಲ್ಲಿ ಇದಕ್ಕೆ ಎರಡು ದಿನ ಗೊಣಗಿ ಕಟ್ಟಿಬಿಡುತ್ತಾರೆ. ಇಲ್ಲಿ ಹಾಗಲ್ಲ.

ಮೂರನೇ ಮಹಡಿಯ ಒಂದು ಬೆಡ್‌ರೂಮ್ ಮನೆಯಲ್ಲಿ 79 ವರ್ಷದ ಒಬ್ಬರಿದ್ದಾರೆ, ನಾವೆಲ್ಲ ಅವರನ್ನು ಅಕ್ಕ ಅಂತಲೇ ಕರೆಯುವುದು. ಒಂದು ಸಂಜೆ ಪಾಸ್‌ಬುಕ್ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅದರ ಪ್ಲಾಸ್ಟಿಕ್ ಕವರಿನೊಳಗೆ ಮೇಂಟೆನೆನ್ಸ್ ರಸೀದಿಗಳನ್ನೆಲ್ಲ ತಿಂಗಳ ಪ್ರಕಾರ ಮಡಿಸಿ ಇಟ್ಟಿದ್ದರು. "ನೀನು ಲೆಕ್ಕದ ಟೀಚರ್ ಅಲ್ವೇನಮ್ಮ, ನನಗೆ ಇದು ಇನ್ನೂ ಎಷ್ಟು ವರ್ಷ ಸಾಕಾಗುತ್ತೆ ನೋಡಿ ಹೇಳು" ಅಂದರು. ಅವರ ಹಣ ಇರುವುದು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ. ಅದರಲ್ಲಿ ಒಬ್ಬರು ಇಡಬಹುದಾದ್ದೇ 30 ಲಕ್ಷ, ಬಡ್ಡಿ ಶೇ. 8.2. ಮೂರು ತಿಂಗಳಿಗೊಮ್ಮೆ 61,500 ಬರುತ್ತದೆ. ಅಂದರೆ ತಿಂಗಳಿಗೆ 20,500, ಅದರಲ್ಲಿ ಮೂರನೇ ಒಂದು ಭಾಗ ಮೇಂಟೆನೆನ್ಸಿಗೇ ಹೋಗುತ್ತಿತ್ತು. ಊಟ, ಮಾತ್ರೆ ಇನ್ನೂ ಸೇರಿಲ್ಲ. ಆ ಬಡ್ಡಿ ಐದು ವರ್ಷ ಒಂದು ರೂಪಾಯಿಯೂ ಜಾಸ್ತಿ ಆಗುವುದಿಲ್ಲ. ನಮ್ಮಂಥ ಸರ್ಕಾರಿ ಪೆನ್ಷನ್‌ದಾರರಿಗೆ ವರ್ಷಕ್ಕೆ ಎರಡು ಸಲ ತುಟ್ಟಿಭತ್ಯೆಯಾದರೂ ಏರುತ್ತದೆ. ಸಭೆಯಲ್ಲಿ "ಐನೂರು ತಾನೇ, ಏನು ಮಹಾ" ಅಂದವರೆಲ್ಲ ಪೆನ್ಷನ್ ಬರುವವರೇ. ಅವತ್ತಿನವರೆಗೆ ನಾನೂ ಹಾಗೇ ಅಂದಿದ್ದೆ. ಆಮೇಲೆ ಹೇಳಲಿಲ್ಲ.

ಹಾಗಂತ ಮೇಂಟೆನೆನ್ಸ್ ಏರಿಸದೇ ಇರುವುದೂ ತಪ್ಪೇ. ಒಂದು ಮನೆಯ ಮೇಂಟೆನೆನ್ಸ್ ತಿಂಗಳಿಗೆ 7,500 ದಾಟಿ, ಮನೆ ಮಾಲೀಕರ ಸಂಘದ ವರ್ಷದ ವಹಿವಾಟು 20 ಲಕ್ಷ ದಾಟಿದ್ದರೆ, ಶೇ. 18 ಜಿಎಸ್‌ಟಿ ಬೀಳುತ್ತದೆ. ಆ ಗೆರೆ ಮುಟ್ಟಬಾರದು ಅಂತ ಹಿಂದಿನ ಕಮಿಟಿ ಏನು ಮಾಡಿತ್ತು ಗೊತ್ತಾ? ಎರಡು ವರ್ಷ ಸಿಂಕಿಂಗ್ ಫಂಡಿಗೆ, ಅಂದರೆ ಮುಂದಿನ ದೊಡ್ಡ ರಿಪೇರಿಗೆ ಕೂಡಿಡುವ ನಿಧಿಗೆ, ದುಡ್ಡು ಎತ್ತುವುದನ್ನೇ ನಿಲ್ಲಿಸಿತ್ತು. ಎಲ್ಲರಿಗೂ ಖುಷಿ. ಆದರೆ ಲಿಫ್ಟ್, ಕೊಳಚೆ ನೀರು ಶುದ್ಧ ಮಾಡುವ ಎಸ್‌ಟಿಪಿ, ಹೊರಗಿನ ಬಣ್ಣ ಹಳೆಯದಾಗುವುದು ನಿಲ್ಲುತ್ತದಾ?

ಕಾರ್ಪಸ್, ಅಂದರೆ ಸಂಘದ ಮೂಲನಿಧಿಯ ಕಥೆ ಇನ್ನೊಂದು. ರಿಜಿಸ್ಟ್ರೇಷನ್ ಹೊತ್ತಿಗೆ ಬಿಲ್ಡರ್ ಮನೆಗೆ ಒಂದು ಲಕ್ಷದಂತೆ ತಗೊಂಡಿದ್ದರು. ಸಂಘದ ಕೈಗೆ ಕೊಡಲು ಎರಡು ವರ್ಷ ಎಳೆದರು, ನಡುವಿನ ಬಡ್ಡಿಯ ಲೆಕ್ಕ ಇವತ್ತಿಗೂ ಸರಿಯಾಗಿ ಸಿಕ್ಕಿಲ್ಲ. ಬಂದ ದುಡ್ಡಿನಲ್ಲಿ ಅರ್ಧವನ್ನು ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಒಂದೇ ಸಹಕಾರಿ ಬ್ಯಾಂಕಿನಲ್ಲಿ ಇಟ್ಟಿದ್ದರು. ಬ್ಯಾಂಕ್ ಮುಳುಗಿದರೆ ಠೇವಣಿ ವಿಮೆಯಿಂದ ಸಿಗುವುದು ಒಬ್ಬ ಠೇವಣಿದಾರರಿಗೆ 5 ಲಕ್ಷದವರೆಗೆ ಮಾತ್ರ, ಮತ್ತು ಇಲ್ಲಿ 112 ಮನೆಯ ಸಂಘವೆಲ್ಲ ಸೇರಿ ಒಬ್ಬರೇ ಠೇವಣಿದಾರರು. ಇದನ್ನು ಮಹಾಸಭೆಯಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಫ್‌ಡಿ ಅವಧಿ ಮುಗಿದ ತಕ್ಷಣ ದುಡ್ಡು ತೆಗೆದು ಬೇರೆ ಬೇರೆ ಬ್ಯಾಂಕಿನಲ್ಲಿ ಹಂಚಿ ಇಟ್ಟರು. ಸದಸ್ಯರೇ ಕೂಡಿಸಿದ ದುಡ್ಡು, ತೆರಿಗೆ ಯಾಕೆ ಅಂತ ಬಡ್ಡಿಗೂ ತೆರಿಗೆ ಕಟ್ಟಿರಲಿಲ್ಲ. ಬೆಂಗಳೂರು ಕ್ಲಬ್ ಪ್ರಕರಣದಲ್ಲಿ 2013ರಲ್ಲೇ ಸುಪ್ರೀಂ ಕೋರ್ಟ್ ಬ್ಯಾಂಕ್ ಬಡ್ಡಿಗೆ ತೆರಿಗೆ ಉಂಟು ಅಂದಿದೆ. ಹಳೇ ಬಾಕಿ ಎಲ್ಲ ಸೇರಿಸಿ ಕಟ್ಟಿದೆವು.

ಈಗಿನ ಖಜಾಂಚಿ ಕೆಇಬಿಯಲ್ಲಿ ಎಂಜಿನಿಯರ್ ಆಗಿದ್ದವರು. ಬಂದ ತಿಂಗಳೇ ಗೆರೆ ಹಾಳೆಯ ಮೇಲೆ, ನೀಲಿ ಪೆನ್ನಿನಲ್ಲಿ, ಒಂದು ಪಟ್ಟಿ ಬರೆದು ನೋಟಿಸ್ ಬೋರ್ಡಿಗೆ ಅಂಟಿಸಿದರು. ಮೂರು ಲಿಫ್ಟ್, ಜನರೇಟರ್, ಎಸ್‌ಟಿಪಿ ಮೋಟರ್, ಟೆರೇಸಿನ ವಾಟರ್‌ಪ್ರೂಫಿಂಗ್, ಬಣ್ಣ. ಪ್ರತಿಯೊಂದರ ಎದುರು ಯಾವ ವರ್ಷ ಬದಲಿಸಬೇಕು, ಇವತ್ತಿನ ರೇಟು ಎಷ್ಟು, ನಮ್ಮ ಹತ್ತಿರ ಎಷ್ಟಿದೆ. ಕೊನೇ ಸಾಲಿನಲ್ಲಿ ಕೊರತೆ ಎಷ್ಟು ಅಂತ ಬರೆದು ಕೆಳಗೆ ಎರಡು ಗೆರೆ. ವಾಕಿಂಗ್ ಮುಗಿಸಿದವರೆಲ್ಲ ಆ ಹಾಳೆಯ ಮುಂದೆ ಕನ್ನಡಕ ಏರಿಸಿಕೊಂಡು ನಿಂತಿದ್ದು ನನಗೆ ಚೆನ್ನಾಗಿ ನೆನಪಿದೆ. ನೀವು ನೋಡಲು ಹೋದ ಜಾಗದಲ್ಲಿ ಇಂಥ ಹಾಳೆ ಇಲ್ಲದಿದ್ದರೆ ಅಡ್ವಾನ್ಸ್ ಕೊಡಬೇಡಿ.

ಅದೇ ವರ್ಷ ಒಬ್ಬರ ಮಗಳು ಅಮೆರಿಕದ ಫ್ಲಾರಿಡಾದಿಂದ ಬಂದಿದ್ದಳು, ಅಲ್ಲಿಯ ಸರ್ಫ್‌ಸೈಡ್ ಅನ್ನುವ ಊರಿನ ವಿಷಯ ಹೇಳಿದಳು. ಸಮುದ್ರದ ಪಕ್ಕದ 12 ಮಹಡಿ ಕಟ್ಟಡ 2021ರ ಜೂನ್ 24ರ ಬೆಳಗಿನ ಜಾವ ಕುಸಿದು 98 ಜನ ಸತ್ತರು. ದೊಡ್ಡ ರಿಪೇರಿ ಬೇಕು ಅಂತ 2018ರಲ್ಲೇ ಎಂಜಿನಿಯರ್ ವರದಿ ಕೊಟ್ಟಿದ್ದರಂತೆ. ಅಲ್ಲಿನ ಮನೆ ಮಾಲೀಕರು ದುಡ್ಡಿನ ವಿಷಯಕ್ಕೆ ಜಗಳ ಆಡಿಕೊಂಡೇ ಮೂರು ವರ್ಷ ಕಳೆದಿತ್ತು. ಆಮೇಲೆ ಅಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಮಹಡಿಯ ಕಟ್ಟಡಗಳು ಇಂಥ ರಿಪೇರಿಗೆ ದುಡ್ಡು ಎತ್ತಿಡಲೇಬೇಕು ಅಂತ ಕಾನೂನೇ ಬಂತು. ನಮ್ಮ ಬೇಸ್‌ಮೆಂಟಿನ ಕಂಬಗಳ ಹತ್ತಿರ ನೀರು ಒಸರುತ್ತಿತ್ತು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಇಂಥ ದೋಷ ಕಂಡರೆ ಬಿಲ್ಡರೇ ಪುಕ್ಕಟೆ ಸರಿ ಮಾಡಿಕೊಡಬೇಕು, ರಿಯಲ್ ಎಸ್ಟೇಟಿನ ರೇರಾ ಕಾಯ್ದೆಯಲ್ಲಿದೆ. ನಾಲ್ಕು ವರ್ಷ ಹತ್ತು ತಿಂಗಳಿಗೆ ಪತ್ರ ಹಾಕಿದೆವು. ಇನ್ನೆರಡು ತಿಂಗಳು ಸುಮ್ನೆ ಇದ್ದಿದ್ದರೆ ಆ ಖರ್ಚೂ ನಮ್ಮ ಮೇಲೇ ಬೀಳುತ್ತಿತ್ತು.

ಕಳೆದ ಮಹಾಸಭೆಯಲ್ಲಿ ಸಿಂಕಿಂಗ್ ಫಂಡ್ ಮತ್ತೆ ಶುರು ಮಾಡಿದೆವು. ಜೊತೆಗೆ ಮನೆಗಿಷ್ಟು ಅಂತ ಸಮ ಹಂಚುವುದನ್ನು ಬಿಟ್ಟು, 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಓನರ್‌ಶಿಪ್ ಕಾಯ್ದೆ ಹೇಳುವಂತೆ ಕಟ್ಟಡದಲ್ಲಿ ಅವರವರಿಗಿರುವ ಪಾಲಿನ ಪ್ರಕಾರ ಹಾಕಿದೆವು. ಮೂರು ಬೆಡ್‌ರೂಮಿನವರದು 7,500 ದಾಟಿ ಜಿಎಸ್‌ಟಿಯೂ ಬಿತ್ತು, ಇಬ್ಬರು ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಅಕ್ಕನ ಬಿಲ್ಲು 5,100ಕ್ಕೆ ಇಳಿಯಿತು.

ಮುಂದಿನ ಹತ್ತು ವರ್ಷದ ಬಗ್ಗೆ ನನಗೆ ಚಿಂತೆ ಇದೆ, ಮುಚ್ಚಿಡುವುದಿಲ್ಲ. 31 ಮನೆಗೆ ಬೀಗ ಬಿದ್ದಿದೆ. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ ಇನ್ನೊಬ್ಬರನ್ನು ಮಕ್ಕಳು ಕರೆದುಕೊಂಡು ಹೋಗುತ್ತಾರೆ. ಬೈಲಾ ಪ್ರಕಾರ ವಾಸ ಇರುವವರಲ್ಲಿ ಒಬ್ಬರಿಗಾದರೂ 55 ಆಗಿರಬೇಕು, ಹಾಗಾಗಿ ಮಾರಲು ಹೋದರೆ ಕೊಳ್ಳುವವರೂ ಕಡಿಮೆ. ಕಮಿಟಿಯಲ್ಲಿ 70ರ ಕೆಳಗೆ ಇರುವುದು ನಾನೊಬ್ಬಳೇ. ಹೊರದೇಶದ ಮಕ್ಕಳು ವಿಡಿಯೋದಲ್ಲಿ ಸಭೆಗೆ ಕೂರುವ ಹಾಗೆ ಮಾಡಿದ ಮೇಲೆ ಮೇಂಟೆನೆನ್ಸ್ ಬಾಕಿ ಅರ್ಧಕ್ಕರ್ಧ ವಸೂಲಾಗಿದೆ, ಅದೊಂದು ಸಮಾಧಾನ.

ಐದಕ್ಕೆ ಮೂರೂವರೆ ಕೊಡುತ್ತೇನೆ. ನೋಡಲು ಬರುವವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಆಗ ಖಜಾಂಚಿ ಆಫೀಸಿನಲ್ಲೇ ಇರುತ್ತಾರೆ. ಕೇಳಿದರೆ ಎಫ್‌ಡಿ ರಿಜಿಸ್ಟರ್ ತೆಗೆದು ಮುಂದಿಡುತ್ತಾರೆ. ಮಾದರಿ ಮನೆ ಆಮೇಲೆ ನಾನು ತೋರಿಸುತ್ತೇನೆ.