ಲೀಜನ್ ಗೋ, ಆಲಯ್ ಎಕ್ಸ್, ಸ್ಟೀಮ್ ಡೆಕ್: ನನ್ನ ಓಟು ಲೀಜನ್‌ಗೇ

ಮೊದಲೇ ಹೇಳಿಬಿಡುತ್ತೇನೆ, ಕೈಯಲ್ಲಿ ಹಿಡಿದು ಗೇಮ್ ಆಡುವ ಈ ಮೂರು ಪುಟ್ಟ ಕಂಪ್ಯೂಟರ್‌ಗಳಲ್ಲಿ ನಾನು ಕೊಂಡದ್ದು ಲೆನೊವೊ ಲೀಜನ್ ಗೋ. ಮತ್ತೆ ಕೊಳ್ಳಬೇಕಾಗಿ ಬಂದರೂ ಅದನ್ನೇ ಕೊಳ್ಳುತ್ತೇನೆ. ಅದರ ಎರಡೂ ಕಂಟ್ರೋಲರ್‌ಗಳು ಕಳಚಿ ಬರುತ್ತವಲ್ಲ, ಅದಕ್ಕೆ.

8.8 ಇಂಚಿನ ಪರದೆ, ಕಂಟ್ರೋಲರ್ ಸೇರಿ 854 ಗ್ರಾಂ. ಅಷ್ಟು ತೂಕ ಎತ್ತಿ ಹಿಡಿದು ಆಡಿದರೆ ಮಣಿಕಟ್ಟು ಬೇಗ ಸೋಲುತ್ತದೆ. ನಾನು ಹಾಗೆ ಆಡುವುದೇ ಇಲ್ಲ. ಹಿಂದಿನ ಸ್ಟ್ಯಾಂಡ್ ತೆರೆದು ಪರದೆಯನ್ನು ಟೇಬಲ್ ಮೇಲೆ ನಿಲ್ಲಿಸಿ, ಕೈಗೊಂದು ಕಂಟ್ರೋಲರ್ ಹಿಡಿದು, ಕುರ್ಚಿಗೆ ಒರಗಿ ಕೂರುತ್ತೇನೆ. ದಿನವಿಡೀ ಕತ್ತು ಬಗ್ಗಿಸಿ ಕೆಲಸ ಮಾಡುವವನಿಗೆ ರಾತ್ರಿ ತಲೆ ಎತ್ತಿ ಆಡುವುದು ದೊಡ್ಡ ಸುಖ. ಬಲಗೈ ಕಂಟ್ರೋಲರನ್ನು ಜೊತೆಗೆ ಬರುವ ದುಂಡು ಬಿಲ್ಲೆಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ಅದೇ ಮೌಸ್. ಶೂಟಿಂಗ್ ಗೇಮ್‌ನಲ್ಲಿ ಗುರಿ ಹಿಡಿಯಲು ಹೆಬ್ಬೆರಳಲ್ಲಿ ತಿರುಗಿಸುವ ಸ್ಟಿಕ್‌ಗಿಂತ ಎಷ್ಟೋ ವಾಸಿ.

ಗೆಳೆಯನ ಆಸುಸ್ ಆರ್‌ಒಜಿ ಆಲಯ್ ಎಕ್ಸ್ ಜೊತೆ ಕೆಲವು ದಿನ ಅದಲುಬದಲು ಮಾಡಿಕೊಂಡಿದ್ದೆ. ಬ್ಯಾಟರಿಯಲ್ಲಿ ಅದನ್ನು ಮೀರಿಸುವುದು ಕಷ್ಟ: 80 ವ್ಯಾಟ್‌ಅವರ್, ನನ್ನದು 49.2. ಕೈಗೂ ಹಗುರ. ಆದರೆ ಏನನ್ನೂ ಕಳಚುವಂತಿಲ್ಲ, ಕತ್ತು ಮತ್ತೆ ಬಗ್ಗಲೇಬೇಕು.

ಅಮೆರಿಕದಿಂದ ಅಣ್ಣ ತಂದ ಸ್ಟೀಮ್ ಡೆಕ್ ಬೇರೆಯೇ ರೀತಿಯದು. ಬಿಚ್ಚಿ ರಿಪೇರಿ ಮಾಡುವವರಿಗೆ ಅದೇ ಸರಿ. ಬಿಡಿಭಾಗಗಳನ್ನು ರಿಪೇರಿ ಸಾಮಾನಿನ ಕಂಪನಿ ಐಫಿಕ್ಸಿಟ್ ಮಾರುತ್ತದೆ, ಹೊರಕವಚದ ವಿನ್ಯಾಸದ ಕಡತಗಳನ್ನೂ ಡೆಕ್ ತಯಾರಿಸುವ ವಾಲ್ವ್ 2022ರಲ್ಲೇ ಎಲ್ಲರಿಗೂ ಕೊಟ್ಟಿದೆ. ಆದರೆ ಭಾರತದಲ್ಲಿ ಕಂಪನಿ ನೇರವಾಗಿ ಮಾರುವುದಿಲ್ಲ. ಕೆಟ್ಟರೆ ವಾರಂಟಿಗೆ ಇಲ್ಲಿ ಹೋಗುವುದೆಲ್ಲಿಗೆ?

ಇನ್ನು ನನ್ನ ತಲೆ ತಿಂದ ವಿಷಯ, ಎಸ್‌ಎಸ್‌ಡಿ, ಅಂದರೆ ಗೇಮ್‌ಗಳನ್ನು ತುಂಬಿಡುವ ಡ್ರೈವ್. ಈಗಿನ ಎಷ್ಟೋ ಗೇಮ್‌ಗಳು 100 ಜಿಬಿ ದಾಟುತ್ತವೆ, 512 ಜಿಬಿ ಎಲ್ಲಿಗೂ ಸಾಲದು. ಈ ಮೂರರಲ್ಲೂ ಡ್ರೈವ್ ಬದಲಿಸಬಹುದು, ಅಳತೆ ಮಾತ್ರ ಮೂರಕ್ಕೂ ಬೇರೆ. ಡೆಕ್‌ಗೆ 2230, ಲೀಜನ್‌ಗೆ 2242, ಆಲಯ್ ಎಕ್ಸ್‌ಗೆ 2280. ಮೊದಲ ಎರಡಂಕಿ ಅಗಲ, ಉಳಿದದ್ದು ಉದ್ದ, ಮಿಲಿಮೀಟರ್ ಲೆಕ್ಕ. ಲ್ಯಾಪ್‌ಟಾಪ್, ಡೆಸ್ಕ್‌ಟಾಪ್‌ಗಳಿಗೆ ಹೋಗುವುದು 2280, ಹಾಗಾಗಿ ಯಾವ ಅಂಗಡಿಯಲ್ಲೂ ಸಿಗುತ್ತದೆ. 2242 ಕೇಳಿದರೆ ಕೌಂಟರಿನವರು ಒಮ್ಮೆ ಮುಖ ನೋಡುತ್ತಾರೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡ್ ಸುತ್ತಿದೆ, ಸಿಗಲಿಲ್ಲ. ಆನ್‌ಲೈನಿನಲ್ಲಿ ಒಬ್ಬರು ಪುಟದ ಮೇಲೆ 2242 ಎಂದು ಬರೆದು ಪೊಟ್ಟಣದಲ್ಲಿ 2280 ಇಟ್ಟು ಕಳಿಸಿದರು. ಕವಚ ಬಿಚ್ಚಿ, ಬ್ಯಾಟರಿ ತಂತಿ ಕಳಚಿ, ಹಳೆಯ ಡ್ರೈವ್ ಪಕ್ಕ ಹೊಸದನ್ನು ಹಿಡಿದರೆ ಹೆಚ್ಚೂಕಡಿಮೆ ಎರಡರಷ್ಟು ಉದ್ದ! ವಾಪಸು ಕಳಿಸಿ, ಹಣ ಬರುವವರೆಗೆ ಕಾದು, ಬೇರೆಯವರ ಹತ್ತಿರ ತರಿಸಿದ್ದಾಯಿತು. ಅದೇ ಸಾಮರ್ಥ್ಯದ 2280ಕ್ಕಿಂತ ದುಡ್ಡೂ ಜಾಸ್ತಿಯೇ ಹೋಯಿತು.

ಸರಿಯಾದದ್ದು ಬಂದ ಮೇಲೆ ಕೆಲಸ ಸಲೀಸು. ಲೀಜನ್‌ಗೆ ಮೇಲೊಂದು, ಕೆಳಗೊಂದು ಯುಎಸ್‌ಬಿ-ಸಿ ಇದೆ. ಒಂದಕ್ಕೆ ಚಾರ್ಜರ್, ಇನ್ನೊಂದಕ್ಕೆ ಹೊಸ ಡ್ರೈವ್ ಇರುವ ಡಬ್ಬಿ ಸಿಕ್ಕಿಸಿ ವಿಂಡೋಸ್ ಸಮೇತ ಎಲ್ಲವನ್ನೂ ನಕಲು ಮಾಡಿಕೊಂಡೆ.

ಸ್ಟಿಕ್: ಲೀಜನ್‌ನವು ಹಾಲ್ ಎಫೆಕ್ಟ್, ಅಂದರೆ ಉಜ್ಜಾಟವಿಲ್ಲದೆ ಅಯಸ್ಕಾಂತದಿಂದ ಚಲನೆ ಗುರುತಿಸುವಂಥವು, ಸವೆತದ ಚಿಂತೆ ಕಡಿಮೆ.

ಪರದೆ: ಲೀಜನ್‌ನ 2560×1600 ಪಿಕ್ಸೆಲನ್ನು 1280×800ಕ್ಕೆ ಇಳಿಸಿದರೆ ಉದ್ದಗಲ ಎರಡೂ ಸರಿಯಾಗಿ ಅರ್ಧ, ಅಕ್ಷರ ಮಸುಕಾಗುವುದಿಲ್ಲ. ನಾನು ಆಡುವುದೂ ಅದರಲ್ಲೇ.

ರ್‍ಯಾಮ್ ಮಾತ್ರ ಮೂರರಲ್ಲೂ ಬೋರ್ಡಿಗೇ ಬೆಸುಗೆ. ಲೀಜನ್, ಡೆಕ್‌ಗಳಲ್ಲಿ 16 ಜಿಬಿ, ಆಲಯ್ ಎಕ್ಸ್‌ನಲ್ಲಿ 24. ಗ್ರಾಫಿಕ್ಸ್‌ಗೂ ಅದರಲ್ಲೇ ಪಾಲು ಹೋಗುವುದರಿಂದ ಈ ವ್ಯತ್ಯಾಸ ಸಣ್ಣದಲ್ಲ. ಆಮೇಲೆ ಹಾಕಿಸಿಕೊಳ್ಳೋಣ ಎನ್ನುವ ಹಾಗಿಲ್ಲ.

ರೈಲು, ಬಸ್ಸಿನಲ್ಲಿ ಆಡುವವರು ಕಣ್ಣುಮುಚ್ಚಿ ಆಲಯ್ ಎಕ್ಸ್ ತೆಗೆದುಕೊಳ್ಳಿ. ನಾನು ಆಡುವುದು ಮನೆಯಲ್ಲಿ, ಪ್ಲಗ್ ಪಕ್ಕದಲ್ಲಿ. ದೊಡ್ಡ ಬ್ಯಾಟರಿಗೆ ದುಡ್ಡು ಸುರಿದರೆ ನನಗೆ ಲಾಭವಿಲ್ಲ. ಕತ್ತು ನೋಯದೆ ಆಡುವುದು ಮುಖ್ಯವಾದರೆ ಲೀಜನ್ ಗೋ ಕೊಳ್ಳಿ. 2242 ಡ್ರೈವ್ ಮಾತ್ರ ಮೊದಲೇ ಹುಡುಕಿಟ್ಟುಕೊಂಡಿರಿ.