ಎಂಕೈ ಆರ್‌ಪಿಎಫ್1: ಹಗುರ ವೀಲ್, ಅಳತೆಯಲ್ಲಿ ಎಚ್ಚರ

ಫೋರ್ಜ್ಡ್ (ಲೋಹವನ್ನು ಭಾರಿ ಒತ್ತಡದಲ್ಲಿ ಒತ್ತಿ ರೂಪಿಸಿದ) ವೀಲಿನ ದುಡ್ಡು ಹೊಂದಿಸಲಾಗದ ಸ್ಪೋರ್ಟಿ ಕಾರಿನವರಿಗೆ ನಮ್ಮ ಮೊದಲ ಆಯ್ಕೆ ಜಪಾನಿನ ಎಂಕೈ ಕಂಪನಿಯ ಈ ಅಲಾಯ್ ವೀಲೇ. ಇದರಲ್ಲಿ ಎರಕದ ವೀಲಿನ ಅಂಚನ್ನು ಬಿಸಿ ಮಾಡಿ, ತಿರುಗಿಸುತ್ತಾ ರೋಲರ್‌ನಿಂದ ಒತ್ತಿ ಹಿಗ್ಗಿಸುತ್ತಾರೆ. ಹೀಗಾಗಿ ಗೋಡೆ ತೆಳುವಾದರೂ ಬಲ ಉಳಿಯುತ್ತದೆ. ತೂಕ ಇಳಿದರೆ ಸಸ್ಪೆನ್ಷನ್ ಚುರುಕಾಗುತ್ತದೆ, ಸ್ಟೀರಿಂಗ್ ಹಗುರಾಗುತ್ತದೆ.

ಹೆಚ್ಚಿನವರು ಎಡವುವುದು ಆಫ್‌ಸೆಟ್‌ನಲ್ಲಿ, ಅಂದರೆ ವೀಲಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕೆ ಮಿ.ಮೀ.ನಲ್ಲಿ ಇರುವ ದೂರದಲ್ಲಿ. 7 ಇಂಚು ಅಗಲ, 45 ಆಫ್‌ಸೆಟ್ ಇದ್ದ ಜಾಗಕ್ಕೆ 8 ಇಂಚು, 35 ಆಫ್‌ಸೆಟ್ ಹಾಕಿದರೆ ವೀಲ್ ಹೊರಕ್ಕೆ ಸುಮಾರು 23 ಮಿ.ಮೀ., ಒಳಕ್ಕೆ 3 ಮಿ.ಮೀ. ಚಾಚುತ್ತದೆ. ಕಾರು ತಗ್ಗಿಸಿದ್ದರಂತೂ ಟೈರು ಫೆಂಡರ್‌ಗೆ ಉಜ್ಜುವುದು ಬಹುತೇಕ ಖಚಿತ. ಬ್ರೇಕ್ ಕ್ಯಾಲಿಪರ್‌ಗೂ (ಡಿಸ್ಕನ್ನು ಹಿಡಿಯುವ ಭಾಗ) ಸ್ಪೋಕಿಗೂ ಕನಿಷ್ಠ 3 ಮಿ.ಮೀ. ಅಂತರವಿರಲಿ.

ವೀಲಿನ ನಡುವಿನ ರಂಧ್ರ ಹಬ್‌ಗಿಂತ (ವೀಲ್ ಕೂರುವ ಕಾರಿನ ನಡುಭಾಗ) ದೊಡ್ಡದಿದ್ದರೆ, ಆ ಸಂದು ತುಂಬುವ ಅಳತೆಗೆ ಸರಿಯಾದ ಹಬ್ ರಿಂಗ್ ಹಾಕಿ; ಇಲ್ಲದಿದ್ದರೆ ವೀಲ್ ಕೇಂದ್ರ ತಪ್ಪಿ ವೇಗದಲ್ಲಿ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡಿಸಿದರೂ ಅದು ಹೋಗದು. ನಟ್‌ನ ಕೂರುವ ಮುಖ 60 ಡಿಗ್ರಿಯ ಶಂಕುವಿನಾಕಾರದ್ದೇ ಇರಬೇಕು. ಕೂರುವ ಮುಖ ಗುಂಡಾಗಿರುವ ಹಳೆಯ ನಟ್ ಬಿಗಿದರೆ ಕೂರುವ ಜಾಗ ಹಾಳಾಗಿ ಸಡಿಲಗೊಳ್ಳುತ್ತದೆ, ಇದು ಪ್ರಾಣಕ್ಕೇ ಅಪಾಯ. ಕಾರಿನ ಕೈಪಿಡಿ ಹೇಳುವ ಟಾರ್ಕ್‌ಗೆ (ಬಿಗಿಯುವ ಬಲ) ನಕ್ಷತ್ರಾಕಾರದ ಕ್ರಮದಲ್ಲಿ ಬಿಗಿದು, 80–100 ಕಿ.ಮೀ. ಓಡಿಸಿದ ಮೇಲೆ ಮತ್ತೆ ಪರೀಕ್ಷಿಸಿ.

ಇದೇ ವಿನ್ಯಾಸದ ನಕಲುಗಳು ಬಹಳ. ಹಿಂಬದಿಯಲ್ಲಿ ಜೆಡಬ್ಲ್ಯೂಎಲ್ (ಜಪಾನಿನ ಅಲಾಯ್ ವೀಲ್ ಸುರಕ್ಷತಾ ಮಾನದಂಡ) ಗುರುತೂ ಅಳತೆಯೂ ಸ್ಪಷ್ಟವಾಗಿಲ್ಲದ ವೀಲನ್ನು ಕೊಳ್ಳಬೇಡಿ.