ಪ್ಲೇರೈಟ್: ದಿನನಿತ್ಯ ಬಳಸುವವರ ಅನುಭವ

ಮಂಗಳೂರಿನ ಸಣ್ಣ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ನಾನು ಟೆಸ್ಟಿಂಗ್ ನೋಡಿಕೊಳ್ಳುತ್ತೇನೆ. ಉಡುಪಿ ಕಡೆಯ ಸಹಕಾರ ಸಂಘವೊಂದರ ಜಾಲತಾಣ ನಮ್ಮ ಕೈಯಲ್ಲಿದೆ. ಠೇವಣಿ, ಸಾಲದ ಕಂತು, ರಶೀದಿ ಎಲ್ಲವೂ ಅದರಲ್ಲೇ. ಸಣ್ಣದೊಂದು ಬದಲಾವಣೆ ಮಾಡಿದರೂ ಇಡೀ ತಾಣವನ್ನು ಮತ್ತೆ ಪರೀಕ್ಷಿಸಬೇಕು. ನಾವು ಬರೆದುಕೊಟ್ಟ ಹೆಜ್ಜೆಗಳಂತೆ ಬ್ರೌಸರನ್ನು ತಾನೇ ನಡೆಸಿ ಈ ಪರೀಕ್ಷೆ ಮಾಡುವ ಸಾಧನಗಳಿವೆ. ಅಂಥದ್ದರಲ್ಲಿ 2004ರಲ್ಲಿ ಹುಟ್ಟಿದ ಸೆಲೆನಿಯಂ ಮೊದಲು ನಮ್ಮಲ್ಲಿತ್ತು. ಈಗ ಕೆಲವು ವರ್ಷಗಳಿಂದ ಪ್ಲೇರೈಟ್. ಮೈಕ್ರೋಸಾಫ್ಟ್ 2020ರಲ್ಲಿ ಹೊರತಂದ ಇದು ಮುಕ್ತ ತಂತ್ರಾಂಶ, ಹಣ ಕೊಡಬೇಕಾಗಿಲ್ಲ.

ನನಗೆ ಇದರಲ್ಲಿ ಅತ್ಯಂತ ಇಷ್ಟವಾದದ್ದು ಇದರ ತಾಳ್ಮೆ. ಗುಂಡಿಯನ್ನು ಒತ್ತುವ ಮೊದಲು ಅದು ಕಾಣಿಸುತ್ತಿದೆಯೇ, ಅಲುಗಾಡದೆ ನಿಂತಿದೆಯೇ, ಸಕ್ರಿಯವಾಗಿದೆಯೇ, ಮೇಲೆ ಬೇರೇನಾದರೂ ಅಡ್ಡ ಬಂದಿದೆಯೇ ಎಂದು ತಾನೇ ನೋಡಿಕೊಳ್ಳುತ್ತದೆ. ಹಿಂದೆ ಈ ಕಾಯುವಿಕೆಯನ್ನೆಲ್ಲ ನಾವೇ ಬರೆಯಬೇಕಿತ್ತು. ಇಂಟರ್ನೆಟ್ ನಿಧಾನವಾದ ದಿನ ಏನೂ ದೋಷವಿಲ್ಲದಿದ್ದರೂ ಪರೀಕ್ಷೆಗಳು ಸಾಲಾಗಿ ಬೀಳುತ್ತಿದ್ದವು. ಪರೀಕ್ಷೆ ವಿಫಲವಾದಾಗ ಸಿಗುವ ಟ್ರೇಸ್ ಅಂತೂ ಚಿನ್ನ. ಪ್ರತಿ ಹೆಜ್ಜೆಯಲ್ಲೂ ಪುಟ ಹೇಗಿತ್ತು, ಸರ್ವರ್‌ನಿಂದ ಏನು ಬಂತು ಎಂಬುದನ್ನು ಬಿಡಿಸಿ ತೋರಿಸುತ್ತದೆ. ಬಡ್ಡಿ ಲೆಕ್ಕ ಬರುವ ಮೊದಲೇ ‘ಪಾವತಿಸಿ’ ಗುಂಡಿ ತೆರೆದುಕೊಳ್ಳುತ್ತಿದ್ದದ್ದು ನಮಗೆ ಗೊತ್ತಾದದ್ದು ಟ್ರೇಸ್‌ನಿಂದಲೇ.

ಆದರೆ ಇದು ನಾವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಒಮ್ಮೆ ಎಲ್ಲ ಪರೀಕ್ಷೆಗಳೂ ಹಸಿರು ತೋರಿಸಿದ್ದವು. ಸಂಘದ ಕೌಂಟರಿನ ಸಿಬ್ಬಂದಿಯೊಬ್ಬರು ಫೋನ್ ಮಾಡಿ, “ಮಾರಾಯರೆ, ಈ ಗುಂಡಿಯಲ್ಲಿ ಏನು ಬರೆದಿದ್ದೀರಿ? ಓದಲಿಕ್ಕೇ ಆಗುವುದಿಲ್ಲ” ಎಂದರು. ‘ಒಪ್ಪಿದ್ದೇನೆ’ ಎಂಬ ಪದದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗಿತ್ತು. ವಿನ್ಯಾಸಕಾರರು ಗುಂಡಿಯ ಎತ್ತರವನ್ನು ಇಂಗ್ಲಿಷ್ ಅಕ್ಷರಗಳ ಅಳತೆಗೆ ಇಟ್ಟಿದ್ದರು. ಪುಟದ ಕೋಡಿನಲ್ಲಿ ಪದ ಸರಿಯಾಗಿಯೇ ಇದ್ದುದರಿಂದ ಪರೀಕ್ಷೆ ಪಾಸಾಗಿತ್ತು. ಸ್ಕ್ರೀನ್‌ಶಾಟ್ ಹೋಲಿಸಿ ನೋಡುವ ಸೌಲಭ್ಯ ಪ್ಲೇರೈಟ್‌ನಲ್ಲಿದೆ, ನಿಜ. ಆದರೆ ಮಾದರಿ ಚಿತ್ರದಲ್ಲೇ ಅಕ್ಷರ ಕತ್ತರಿಸಿದ್ದರೆ ಅದನ್ನೇ ಸರಿ ಎನ್ನುತ್ತದೆ. ಮೇಲಾಗಿ ವಿಂಡೋಸ್ ಮತ್ತು ಲಿನಕ್ಸ್‌ಗಳಲ್ಲಿ ಫಾಂಟ್ ಮೂಡುವ ರೀತಿ ಬೇರೆಯಾದ್ದರಿಂದ ಇಲ್ಲದ ದೋಷಗಳೂ ಎದ್ದು ಬರುತ್ತವೆ. ಕನ್ನಡ ತಾಣಗಳನ್ನು ಕನ್ನಡ ಓದುವವರೇ ಒಮ್ಮೆ ನೋಡಲೇಬೇಕು. ಈ ವಿಷಯದಲ್ಲಿ ನಾನು ರಾಜಿಯಾಗುವವನಲ್ಲ.

ಕ್ಯಾಪ್ಚಾ ಇರುವುದೇ ಯಂತ್ರವನ್ನು ತಡೆಯಲು, ಅಲ್ಲಿ ಇದರ ಆಟ ನಡೆಯುವುದಿಲ್ಲ. ಒಟಿಪಿಗೆ ಪರೀಕ್ಷಾ ಸರ್ವರ್‌ನಲ್ಲಿ ನಿಗದಿತ ಸಂಖ್ಯೆ ಇಟ್ಟುಕೊಂಡಿದ್ದೇವೆ. ಮೊಬೈಲ್ ಪರದೆಯನ್ನು ಇದು ಅನುಕರಿಸುತ್ತದೆ, ಅಷ್ಟೆ. ಸಫಾರಿ ಬ್ರೌಸರಿನ ಎಂಜಿನ್ ಆದ ವೆಬ್‌ಕಿಟ್‌ನಲ್ಲಿ ಪಾಸಾದ ಪುಟ ನಿಜವಾದ ಐಫೋನಿನ ಸಫಾರಿಯಲ್ಲಿ ಬೇರೆ ರೀತಿ ವರ್ತಿಸಬಹುದು. ಹಾಗಾಗಿ ಕಚೇರಿಯಲ್ಲಿ ಹಳೆಯ ಫೋನುಗಳನ್ನು ಎತ್ತಿಟ್ಟುಕೊಂಡಿದ್ದೇವೆ.

ಹೊಸದಾಗಿ ಆರಂಭಿಸುವವರು ಧೈರ್ಯವಾಗಿ ಪ್ಲೇರೈಟ್ ಆರಿಸಿಕೊಳ್ಳಬಹುದು. ಸೆಲೆನಿಯಂನಲ್ಲಿ ಈಗಾಗಲೇ ರಾಶಿ ಪರೀಕ್ಷೆಗಳಿದ್ದು ಅವು ಚೆನ್ನಾಗಿ ಓಡುತ್ತಿದ್ದರೆ ಹೊಸ ಪುಟಗಳಿಗೆ ಮಾತ್ರ ಇದನ್ನು ಬಳಸಿ ನೋಡಿ.